ವಿ-ಬೆಲ್ಟ್: ಗೇಟ್ಸ್ ಕಂಪನಿಯಿಂದ ನಮ್ಮ ಪುಲ್ಲಿಯವರೆಗೆ

1911ರಲ್ಲಿ ಚಾರ್ಲ್ಸ್ ಗೇಟ್ಸ್ ಅಮೆರಿಕದ ಡೆನ್ವರ್‌ನಲ್ಲಿ ಕೊಲರಾಡೊ ಟೈರ್ ಅಂಡ್ ಲೆದರ್ ಎಂಬ ಸಣ್ಣ ಕಂಪನಿಯನ್ನು 3,500 ಡಾಲರಿಗೆ ಕೊಂಡರು. ಆಗ ಅಲ್ಲಿ ತಯಾರಾಗುತ್ತಿದ್ದುದು ಬೆಲ್ಟ್ ಅಲ್ಲ, ಕಾರಿನ ಟೈರಿಗೆ ಹೊದಿಸುವ, ಉಕ್ಕಿನ ಮೊಳೆ ಬಡಿದ ಚರ್ಮದ ಪಟ್ಟಿ. 1917ರಲ್ಲಿ ಅವರ ಸೋದರ ಜಾನ್ ಗೇಟ್ಸ್ ರಬ್ಬರ್ ಮತ್ತು ನೂಲು ಸೇರಿಸಿ ವಿ-ಬೆಲ್ಟ್, ಅಂದರೆ ಅಡ್ಡ ಕತ್ತರಿಸಿದರೆ ಇಂಗ್ಲಿಷಿನ V ಆಕಾರ ಕಾಣುವ ಬೆಲ್ಟ್ ಮಾಡಿದರು. ಒಂದು ಪುಲ್ಲಿಯ ತಿರುಗುವಿಕೆಯನ್ನು ಇನ್ನೊಂದಕ್ಕೆ ದಾಟಿಸುವ, ಅದುವರೆಗೆ ಹಗ್ಗ ಮಾಡುತ್ತಿದ್ದ ಕೆಲಸವನ್ನು ಅದು ವಹಿಸಿಕೊಂಡಿತು. ಕಂಪನಿ ಬೆಳೆದದ್ದು ಈ ಆಕಾರದಿಂದ. ಬೆಲ್ಟ್ ಕೂರಿಸುವಾಗ ನಾನು ಕಾಪಾಡುವುದೂ ಇದನ್ನೇ.

ವಿ-ಬೆಲ್ಟ್ ಪುಲ್ಲಿಯ ಗ್ರೂವ್‌ನ, ಅಂದರೆ ಅದು ಕೂರುವ ತೋಡಿನ, ತಳಕ್ಕೆ ತಾಗಬಾರದು. ಅದರ ಎರಡು ಪಕ್ಕಗಳು ಗ್ರೂವ್‌ನ ಗೋಡೆಗೆ ಒತ್ತಿಕೊಂಡು ಎಳೆಯುತ್ತವೆ. ಗೋಡೆಗಳ ನಡುವೆ 36 ಡಿಗ್ರಿ ಕೋನವಿರುವ ಗ್ರೂವ್‌ನಲ್ಲಿ, ಅಷ್ಟೇ ಬಿಗಿಯಾಗಿರುವ ಚಪ್ಪಟೆ ಬೆಲ್ಟಿಗಿಂತ ಸುಮಾರು ಮೂರು ಪಟ್ಟು ಹಿಡಿತ ಸಿಗುತ್ತದೆ. ಗೋಡೆ ಸವೆದರೆ ಬೆಲ್ಟ್ ಕೆಳಗಿಳಿಯುತ್ತದೆ, ತಳಕ್ಕೆ ಕೂತ ಮೇಲೆ ಎಷ್ಟು ಬಿಗಿ ಮಾಡಿದರೂ ಜಾರುತ್ತದೆ. ಹಾಗಾಗಿ ಹೊಸ ಬೆಲ್ಟ್ ಕೈಗೆತ್ತಿಕೊಳ್ಳುವ ಮುಂಚೆ ಗೇಜ್ ಇಟ್ಟು ಗ್ರೂವ್ ನೋಡುತ್ತೇನೆ. ಗೋಡೆ 0.8 ಮಿಮೀಗಿಂತ ಹೆಚ್ಚು ಸವೆದಿದ್ದರೆ, ಅಥವಾ ತಳ ಉಜ್ಜಿ ಹೊಳೆಯುತ್ತಿದ್ದರೆ ಪುಲ್ಲಿಯನ್ನೇ ಬದಲಿಸಬೇಕು. ಇದನ್ನು ಬಿಟ್ಟು ಬೆಲ್ಟ್ ಮೇಲೆ ಬೆಲ್ಟ್ ಬದಲಿಸುವುದು ದುಡ್ಡು ಹಾಳು.

ಸಣ್ಣ ಪುಲ್ಲಿಯ ಗ್ರೂವ್‌ಗೆ 34 ಡಿಗ್ರಿ, ದೊಡ್ಡದಕ್ಕೆ 38 ಡಿಗ್ರಿ ಯಾಕೆ ಎಂದು ಹೊಸಬರು ಕೇಳುತ್ತಾರೆ. ಬಾಗಿದಾಗ ಬೆಲ್ಟಿನ ಮೇಲ್ಭಾಗ ಹಿಗ್ಗಿ ಕಿರಿದಾಗುತ್ತದೆ, ಕೆಳಭಾಗ ಒತ್ತಿಕೊಂಡು ಅಗಲವಾಗುತ್ತದೆ. ಸಣ್ಣ ಪುಲ್ಲಿಯಲ್ಲಿ ಬೆಲ್ಟ್ ಹೆಚ್ಚು ಬಾಗುತ್ತದೆ. ಹೆಚ್ಚು ಬಾಗಿದಷ್ಟೂ ಬೆಲ್ಟಿನ ಕೋನ ಕಿರಿದಾಗುವುದರಿಂದ ಗ್ರೂವ್ ಕೂಡ ಕಿರಿದಾಗಬೇಕು.

ಬೆಲ್ಟ್ ಹಾಕುವಾಗ ಮೋಟಾರಿನ ಬೋಲ್ಟ್ ಸಡಿಲಿಸಿ, ಮೋಟಾರನ್ನು ಇನ್ನೊಂದು ಪುಲ್ಲಿಯ ಕಡೆಗೆ ಸರಿಸಿ, ಕೈಯಿಂದಲೇ ಕೂರಿಸುತ್ತೇನೆ. ಸ್ಕ್ರೂಡ್ರೈವರಿನಿಂದ ಮೀಟಿ ಹತ್ತಿಸಿದರೆ ಒಳಗಿನ, ಭಾರ ಹೊರುವ ನೂಲಿನ (ಕಾರ್ಡ್) ಎಳೆಗಳು ಒಂದು ಪಕ್ಕದಲ್ಲಿ ತುಂಡಾಗುತ್ತವೆ. ಹೊರಗೆ ಗುರುತೇ ಕಾಣದು, ಆದರೆ ಓಡುವಾಗ ಬೆಲ್ಟ್ ಗ್ರೂವ್‌ನಲ್ಲಿ ಮಗುಚಿಕೊಳ್ಳುತ್ತದೆ. ನಾಲ್ಕು ಬೆಲ್ಟಿನ ಡ್ರೈವ್‌ನಲ್ಲಿ ಒಂದು ಹೋದರೂ ನಾಲ್ಕನ್ನೂ ಬದಲಿಸುತ್ತೇನೆ. ಹಳೆಯವು ಆಗಲೇ ಉದ್ದವಾಗಿರುತ್ತವೆ, ಹೊಸದೊಂದೇ ಎಲ್ಲರ ಭಾರ ಹೊರಬೇಕಾಗುತ್ತದೆ. ಎರಡೂ ಪುಲ್ಲಿಯ ಮುಖಕ್ಕೆ ದಾರ ಹಿಡಿದರೆ ನಾಲ್ಕು ಕಡೆಯೂ ತಾಗಬೇಕು. ಅರ್ಧ ಡಿಗ್ರಿಗಿಂತ ಹೆಚ್ಚು ಓರೆ ಇರಬಾರದು.

ಬಿಗಿತ ನೋಡಲು ಹೆಬ್ಬೆರಳು ಸಾಲದು. ಬೆಲ್ಟಿನ ನೇರ ಭಾಗವನ್ನು ಅಳೆದು ಪ್ರತಿ ಮೀಟರಿಗೆ 16 ಮಿಮೀ ಬಗ್ಗಬೇಕು ಎಂದು ಲೆಕ್ಕ ಹಾಕುತ್ತೇನೆ. 600 ಮಿಮೀ ಇದ್ದರೆ ಸುಮಾರು 10 ಮಿಮೀ. ನಡುವಿನಲ್ಲಿ ಸ್ಪ್ರಿಂಗ್ ತಕ್ಕಡಿಯಿಂದ ಅಷ್ಟು ಬಗ್ಗಿಸಿದಾಗ ಬರುವ ಬಲ ತಯಾರಕರ ಪಟ್ಟಿಯ ಎರಡು ಅಂಕಿಗಳ ನಡುವೆ ಇರಬೇಕು. ಹೊಸ ಬೆಲ್ಟನ್ನು ಮೇಲಿನ ಅಂಕಿಗೆ ತರುತ್ತೇನೆ, ಒಂದು ದಿನ ಓಡಿ ಗ್ರೂವ್‌ನಲ್ಲಿ ಕೂತ ಮೇಲೆ ಅದು ಸಡಿಲವಾಗುತ್ತದೆ. ಆಗ ಮತ್ತೆ ಬಿಗಿ ಮಾಡುವುದು ಕಡ್ಡಾಯ. ಅತಿಯಾಗಿ ಎಳೆದರೆ ಬೇರಿಂಗ್ ಸಾಯುತ್ತದೆ. ಕಿರುಗುಟ್ಟುವ ಬೆಲ್ಟಿಗೆ ಅಂಟಿನ ಡ್ರೆಸ್ಸಿಂಗ್ ಹಚ್ಚುವುದನ್ನು ನಾನು ಒಪ್ಪುವುದಿಲ್ಲ. ಅದು ಧೂಳನ್ನು ಹಿಡಿದಿಡುತ್ತದೆ, ಜಾರುವುದಕ್ಕೆ ಕಾರಣವಾದ ಸಡಿಲ ಹಾಗೇ ಉಳಿಯುತ್ತದೆ.

ತೆಗೆದ ಬೆಲ್ಟನ್ನು ಎಸೆಯುವ ಮುಂಚೆ ತಿರುಗಿಸಿ ನೋಡಿ. ಎರಡೂ ಪಕ್ಕ ಗಾಜಿನಂತೆ ಹೊಳೆದು ಗಟ್ಟಿಯಾಗಿದ್ದರೆ ಅದು ಜಾರಿದೆ. ತಳದಲ್ಲಿ ಅಡ್ಡಡ್ಡ ಬಿರುಕಿದ್ದರೆ ಬಿಸಿ ಹೆಚ್ಚಾಗಿದೆ, ಇಲ್ಲವೇ ಪುಲ್ಲಿ ತೀರಾ ಸಣ್ಣದು. ಒಂದೇ ಪಕ್ಕ ಸವೆದಿದ್ದರೆ ಪುಲ್ಲಿಗಳು ಸಾಲಿನಲ್ಲಿಲ್ಲ. ಉಬ್ಬಿ ಮೆತ್ತಗಾಗಿದ್ದರೆ ಎಣ್ಣೆ ತಾಗಿದೆ. ಹೊಸದನ್ನು ಹಾಕುವ ಮೊದಲು ಸೋರುವ ಸೀಲ್ ಹುಡುಕಿ.