ಗುಂಯ್‌ಗುಡುವ ಆಂಪ್ಲಿಫೈಯರ್‌ಗೆ ಸ್ಕೋಪ್ ಹಚ್ಚುವುದು ಹೇಗೆ?

ಹುಬ್ಬಳ್ಳಿಯಲ್ಲಿ ಗಣಪತಿ ಹಬ್ಬ ಹತ್ತಿರ ಬಂತೆಂದರೆ ಓಣಿಯ ಆಂಪ್ಲಿಫೈಯರ್‌ಗಳು ನನ್ನ ಮೇಜಿಗೆ ಬರುತ್ತವೆ. ಹೋದ ಸಲ ಬಂದ ಒಂದರ ದೂರು: "ಹಾಡು ನಿಂತ್ರೂ ಗುಂಯ್ ಅನ್ನೋದು ನಿಲ್ಲಂಗಿಲ್ರೀ." ಮೀಟರ್ ಹಿಡಿದೆ. ಒಳಗಿನ ಪವರ್ ಸಪ್ಲೈನಲ್ಲಿ 24 ವೋಲ್ಟ್ ಇರಬೇಕಾದಲ್ಲಿ 23 ಚಿಲ್ಲರೆ. ಸರಿಯಾಗೇ ಇದೆ ಅಲ್ವಾ? ಇಲ್ಲ. ಮೀಟರ್ ಹೇಳುವುದು ಸರಾಸರಿ. ಅದರೊಳಗಿನ ಏರಿಳಿತ ಕಾಣಬೇಕೆಂದರೆ, ವೋಲ್ಟೇಜನ್ನು ಪರದೆ ಮೇಲೆ ಅಲೆಯಾಗಿ ಬಿಡಿಸಿ ತೋರಿಸುವ ಆಸಿಲೋಸ್ಕೋಪ್ ಬೇಕು. ನನ್ನದು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 20 ಮೆಗಾಹರ್ಟ್ಸ್‌ನ ಹಳೆ ಡಬ್ಬ. ಆಡಿಯೋ ಕೆಲಸಕ್ಕೆ ಅಷ್ಟು ಧಾರಾಳವಾಯಿತು.

ಮೊದಲು ಪ್ರೋಬ್, ಅಂದರೆ ಸ್ಕೋಪಿನ ವೈರಿನ ತುದಿಯ ಪೆನ್ನಿನಂಥ ಕಡ್ಡಿ, ಹದ ಮಾಡಿಕೊಳ್ಳಿ. ಅದರ ಸ್ವಿಚ್ಚನ್ನು 10ಎಕ್ಸ್‌ಗೆ (ಒಳಬರುವ ವೋಲ್ಟೇಜನ್ನು ಹತ್ತರಲ್ಲೊಂದು ಪಾಲಿಗೆ ಇಳಿಸುವ ಸ್ಥಾನ) ಇಟ್ಟು, ತುದಿಯನ್ನು ಸ್ಕೋಪ್ ಮುಖದಲ್ಲಿರುವ 'ಕ್ಯಾಲ್' ಕೊಂಡಿಗೆ ಸಿಕ್ಕಿಸಿ. ಸಾಮಾನ್ಯವಾಗಿ ಅಲ್ಲಿ 1 ಕಿಲೋಹರ್ಟ್ಸ್‌ನ ಚೌಕ ಅಲೆ ಇರುತ್ತದೆ. ಅದರ ಮೂಲೆಗೆ ಕೊಂಬು ಮೂಡಿದ್ದರೆ, ಇಲ್ಲವೇ ಸವೆದ ಸಾಬೂನಿನಂತೆ ದುಂಡಗಾಗಿದ್ದರೆ, ಪ್ರೋಬ್‌ನ ಪುಟ್ಟ ಸ್ಕ್ರೂವನ್ನು ಪ್ಲಾಸ್ಟಿಕ್ ಸ್ಕ್ರೂಡ್ರೈವರ್‌ನಿಂದ ಕೂದಲೆಳೆಯಷ್ಟು ತಿರುಗಿಸಿ. ಅಲೆಯ ತಲೆ ಮಟ್ಟಸವಾದರೆ ಸಾಕು. ಡಿಜಿಟಲ್ ಸ್ಕೋಪ್ ಇದ್ದವರು ಮೆನುವಿನಲ್ಲೂ 10ಎಕ್ಸ್ ಹಾಕಿ. ನನ್ನ ಹಳೆಯದರಲ್ಲಿ ನಾನೇ ಹತ್ತರಿಂದ ಗುಣಿಸಿಕೊಳ್ಳುತ್ತೇನೆ.

ಇನ್ನು ಪ್ರೋಬ್‌ನ ಕರಿ ಕ್ಲಿಪ್. ಇದರ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳುತ್ತೇನೆ. ಕರೆಂಟಿಗೆ ಹಚ್ಚುವ ಸ್ಕೋಪ್‌ನಲ್ಲಿ ಈ ಕ್ಲಿಪ್ ಒಳಗಿಂದ ಸೀದಾ ಮನೆಯ ಅರ್ತಿಂಗ್‌ಗೆ ಸೇರಿರುತ್ತದೆ. ಟ್ರಾನ್ಸ್‌ಫಾರ್ಮರ್ ಇರುವ ಆಂಪ್ಲಿಫೈಯರ್‌ನಲ್ಲಿ, ಟ್ರಾನ್ಸ್‌ಫಾರ್ಮರ್ ದಾಟಿದ ಮೇಲಿನ ಗ್ರೌಂಡ್‌ಗೆ ಹಾಕಿದರೆ ತೊಂದರೆಯಿಲ್ಲ. ಮೊಬೈಲ್ ಚಾರ್ಜರ್ ಬಿಚ್ಚಿ, 230 ವೋಲ್ಟ್ ಒಳಬರುವ ಕಡೆ ಹಾಕಿದಿರೋ, ಠಪ್! ಅರ್ತಿಂಗ್ ಮೂಲಕ ಶಾರ್ಟ್. ಒಂದು ಪ್ರೋಬ್ ಸುಟ್ಟುಕೊಂಡು ಕಲಿತ ಪಾಠ ಇದು. ಕೆಲವರು ಸ್ಕೋಪ್ ಪ್ಲಗ್ಗಿನ ಅರ್ತ್ ಪಿನ್ನನ್ನೇ ಕಿತ್ತುಬಿಡುತ್ತಾರೆ. ಹುಚ್ಚು ಕೆಲಸ. ಆಗ ಸ್ಕೋಪಿನ ಮೈಯೇ ಶಾಕ್ ಹೊಡೆಯುತ್ತದೆ.

ಈಗ ಪ್ರೋಬ್ ತುದಿಯನ್ನು, ವೋಲ್ಟೇಜಿನ ಏರಿಳಿತ ತಗ್ಗಿಸುವ ದೊಡ್ಡ ಫಿಲ್ಟರ್ ಕೆಪಾಸಿಟರ್‌ನ ಪ್ಲಸ್‌ಗೆ ಹಿಡಿಯಿರಿ. ಸ್ಕೋಪಿನ ಕಪ್ಲಿಂಗ್ ಸ್ವಿಚ್ 'ಎಸಿ'ಗಿರಲಿ. 24 ವೋಲ್ಟ್ ಬದಿಗೆ ಸರಿದು ಏರಿಳಿತ ಮಾತ್ರ ಉಳಿಯುತ್ತದೆ. ಪರದೆಯ ಒಂದು ಮನೆಗೆ 5 ಮಿಲಿಸೆಕೆಂಡ್ ಇಡಿ. ಚಿತ್ರ ಓಡುತ್ತಿದ್ದರೆ, ಅದನ್ನು ಹಿಡಿದು ನಿಲ್ಲಿಸುವ ಟ್ರಿಗರ್ ಸ್ವಿಚ್ಚನ್ನು 'ಲೈನ್'ಗೆ, ಅಂದರೆ ಕರೆಂಟಿನ ಲಯಕ್ಕೆ, ಹಾಕಿ, ನಿಲ್ಲುತ್ತದೆ.

ನನಗೆ ಕಂಡದ್ದು ಗರಗಸದ ಹಲ್ಲುಗಳು. ಹಲ್ಲಿನಿಂದ ಹಲ್ಲಿಗೆ 2 ಮನೆ, ಅಂದರೆ 10 ಮಿಲಿಸೆಕೆಂಡ್, 100 ಹರ್ಟ್ಸ್. ನಮ್ಮ 50 ಹರ್ಟ್ಸ್ ಕರೆಂಟು, ಎಸಿಯನ್ನು ಡಿಸಿ ಮಾಡುವ ನಾಲ್ಕು ಡಯೋಡ್‌ಗಳ ಬ್ರಿಜ್ ದಾಟಿದರೆ ಹೀಗೇ ದುಪ್ಪಟ್ಟಾಗುತ್ತದೆ. 4 ಮನೆ ಬಂದಿದ್ದರೆ ಬ್ರಿಜ್‌ನ ಡಯೋಡ್ ಮೇಲೆ ಅನುಮಾನಪಡುತ್ತಿದ್ದೆ. ಆದರೆ ಹಲ್ಲಿನ ಎತ್ತರ ಬರೋಬ್ಬರಿ 3 ವೋಲ್ಟ್! ವಾಲ್ಯೂಮ್ ಸೊನ್ನೆಯಲ್ಲಿದ್ದಾಗ ಇಷ್ಟಿರಬಾರದು. 4700 ಮೈಕ್ರೋಫ್ಯಾರಡ್‌ನ ಆ ಫಿಲ್ಟರ್ ಕೆಪಾಸಿಟರ್ ಒಣಗಿ ಹೋಗಿತ್ತು.

ಪ್ಲಗ್ ಕಿತ್ತೆ. ರೆಸಿಸ್ಟರ್ ಹಿಡಿದು ಚಾರ್ಜ್ ಇಳಿಸಿ, ಪ್ಲಸ್ ಮೈನಸ್ ನೋಡಿಕೊಂಡು ಹೊಸದನ್ನು ಸೋಲ್ಡರ್ ಮಾಡಿದೆ. ಮತ್ತೆ ಪ್ರೋಬ್ ಹಿಡಿದಾಗ ಹಲ್ಲು 0.2 ವೋಲ್ಟ್‌ಗೆ ಇಳಿದಿತ್ತು. ಗುಂಯ್ ಇಲ್ಲ. ಮೀಟರ್‌ನಲ್ಲಿ ಒಂದು ವೋಲ್ಟ್ ಏರಿತ್ತು, ಅಷ್ಟೇ.