ಹೆಣವಾಗಿ ಮಲಗುವುದನ್ನು ಕಲಿತದ್ದು

ನಾನು ಮೊದಲು ಬಣ್ಣ ಹಚ್ಚಿದಾಗ ಏಳು ವರ್ಷ. ಕೊಪ್ಪಳದ ಗವಿಮಠದ ಜಾತ್ರೆಗೆ ನಮ್ಮ ನಾಟಕ ಕಂಪನಿ ಕ್ಯಾಂಪು ಹಾಕಿತ್ತು. ಅಪ್ಪ ತಬಲಾ ನುಡಿಸುತ್ತಿದ್ದರು. ಹರಿಶ್ಚಂದ್ರ ನಾಟಕದಲ್ಲಿ ಲೋಹಿತಾಶ್ವನ ಪಾತ್ರದ ಹುಡುಗನಿಗೆ ಜ್ವರ ಬಂತು, ನನ್ನನ್ನು ನಿಲ್ಲಿಸಿದರು.

ಮಾತು ಕಡಿಮೆ. ಕಷ್ಟವೆಲ್ಲ ಹಾವು ಕಚ್ಚಿದ ಮೇಲೆ. ಚಂದ್ರಮತಿ ಮಗನ ಹೆಣ ಹೊತ್ತು ಸ್ಮಶಾನಕ್ಕೆ ಬಂದು ಹಾಡಿ ಅಳುತ್ತಾಳೆ. ಜನ ಒನ್ಸ್ ಮೋರ್ ಅಂದರೆ ಅದೇ ಹಾಡು ಮತ್ತೆ. ಅಷ್ಟೂ ಹೊತ್ತು ಅಲ್ಲಾಡಬಾರದು. ಮೊದಲ ರಾತ್ರಿ ಮೂಗಿನ ಮೇಲೆ ಸೊಳ್ಳೆ ಕೂತಿತು, ಮುಖ ಕಿವುಚಿದೆ. ಮುಂದಿನ ಸಾಲು ನಕ್ಕುಬಿಟ್ಟಿತು. ಒಳಗೆ ಬಂದು ಅತ್ತೆ. ಚಂದ್ರಮತಿ ಮಾಡುತ್ತಿದ್ದ ಅಕ್ಕ ಬೈಯಲಿಲ್ಲ. ತೊಡೆ ಮೇಲೆ ಮಲಗಿಸಿಕೊಂಡು, "ನಾ ಬಿಕ್ಕಿದಾಗ ನಿನ್ನ ಮೈಯೂ ಅಲ್ಲಾಡ್ತೈತಿ ನೋಡು. ಆವಾಗ ಉಸಿರು ತಗೋ ಮರಿ, ಯಾರಿಗೂ ಕಾಣಂಗಿಲ್ಲ" ಅಂದರು. ಮರುದಿನದಿಂದ ಅವರು ಬಿಕ್ಕಿದಾಗಷ್ಟೇ ನಾನು ಉಸಿರು ಎಳೆದೆ. ಅವರ ಕಣ್ಣೀರು ನಿಜವಾಗಿಯೂ ನನ್ನ ಕೆನ್ನೆ ಮೇಲೆ ಬೀಳುತ್ತಿತ್ತು. ಬೆಚ್ಚಗಿರುತ್ತಿತ್ತು.

ಆಮೇಲೆ ಪ್ರಹ್ಲಾದ, ಲವ, ಮಾರ್ಕಂಡೇಯ. ಊರಿಂದ ಊರಿಗೆ ಹೋಗುವವರಿಗೆ ಶಾಲೆ ಎಲ್ಲಿಂದ ಬರಬೇಕು? ಅಕ್ಷರ ಕಲಿತದ್ದು ನಾಟಕದ ಪ್ರತಿ ಓದಿಯೇ. ನನ್ನ ಸಂಬಳ ಮಾಲೀಕರ ಹತ್ತಿರವೇ ಇರಲಿ ಎಂದು ಅಪ್ಪ ಬಿಟ್ಟಿದ್ದರು. ಕಂಪನಿ ಮುಚ್ಚಿತು, ದುಡ್ಡು ಬರಲಿಲ್ಲ. ಆ ನೋವು ಇನ್ನೂ ಇದೆ.

ಅದಕ್ಕಿಂತ ಜಾಸ್ತಿ ಕಷ್ಟ ಆದದ್ದು ಹದಿಮೂರಕ್ಕೆ, ದನಿ ಒಡೆದಾಗ. ಪ್ರಹ್ಲಾದನಿಗೆ ದೊಡ್ಡವನಾದೆ, ರಾಜನಿಗೆ ಸಣ್ಣವನು. ಎಷ್ಟೋ ಬಾಲನಟರು ಇಲ್ಲಿಗೇ ರಂಗ ಬಿಡುತ್ತಾರೆ. ನಾನು ಪರದೆ ಎಳೆದೆ, ಸೈಡ್ ವಿಂಗ್‌ನಲ್ಲಿ ನಿಂತು ಮಾತು ಹೇಳಿಕೊಟ್ಟೆ, ಕಾಲಿಂದ ತುಳಿದು ನುಡಿಸುವ ಹಾರ್ಮೋನಿಯಂ ಕಲಿತೆ. ನನಗೆ ಅನ್ನ ಹಾಕಿದ್ದು ಆ ಹಾರ್ಮೋನಿಯಂ.

ಈಗ ಬಳ್ಳಾರಿಯಲ್ಲಿ ನನ್ನದೇ ಸಣ್ಣ ತಂಡವಿದೆ. 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಮಕ್ಕಳು ನಟಿಸುವುದಕ್ಕೆ ಒಪ್ಪುತ್ತದೆ, ಆದರೆ ನಿಯಮಗಳಿವೆ. ದಿನಕ್ಕೆ 5 ಗಂಟೆ ಮೀರಬಾರದು, ವಿಶ್ರಾಂತಿ ಇಲ್ಲದೆ 3 ಗಂಟೆ ದಾಟಬಾರದು. ಗಳಿಕೆಯಲ್ಲಿ ಕನಿಷ್ಠ ಶೇ. 20 ಮಗುವಿನ ಹೆಸರಲ್ಲೇ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಆಗಬೇಕು. ಟಿಕೆಟ್ ಇಟ್ಟು ಆಡುವ ಮೊದಲು ಜಿಲ್ಲಾಧಿಕಾರಿಗಳ ಅನುಮತಿ ಕೇಳುತ್ತೇನೆ. ಠೇವಣಿ ರಸೀದಿಯನ್ನು ತಾಯಂದಿರ ಕೈಗೆ ನಾನೇ ಕೊಡುತ್ತೇನೆ. ತಾಲೀಮು ಶಾಲೆ ಬಿಟ್ಟ ಮೇಲೆ ಮಾತ್ರ.

ಮೊನ್ನೆ ರಾಘವ ಕಲಾಮಂದಿರದಲ್ಲಿ ಹರಿಶ್ಚಂದ್ರ ಆಡಿದೆವು. ಒಂಬತ್ತು ವರ್ಷದ ಹುಡುಗ ಲೋಹಿತಾಶ್ವ. ಹಾರ್ಮೋನಿಯಂ ಮುಂದೆ ಕೂತು ಅವನನ್ನೇ ನೋಡುತ್ತಿದ್ದೆ. ಚಂದ್ರಮತಿ ಬಿಕ್ಕಿದಳು. ಅವನ ಪಕ್ಕೆ ಒಂಚೂರು ಏಳುವುದು ನನಗೆ ಕಂಡಿತು. ಮುಂದಿನ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು.