ಬಂದೂಕಿನ ಬೆನ್ನು ಹತ್ತಿದೆ, ನಾಕೆಯ ಕಥೆ ಸಿಕ್ಕಿತು

ನಿಜಾಮನ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಬೇಕೆಂದು 1947-48ರಲ್ಲಿ ನಡೆದ ಹೋರಾಟದಲ್ಲಿ, ಗಡಿಯ ಈಚೆಗಿದ್ದ ಮುಂಡರಗಿ, ಗಜೇಂದ್ರಗಡ ಶಿಬಿರಗಳ ಹುಡುಗರು ನಿಜಾಮನ ಗಡಿ ನಾಕೆಗಳ (ತಪಾಸಣೆಯ ಚೌಕಿಗಳ) ಮೇಲೆ ಬಿದ್ದು ಪೊಲೀಸರ ಬಂದೂಕು ಕಸಿದುಕೊಂಡ ಸಂಗತಿಯನ್ನು ಪ್ರತಿ ವರ್ಷ ಸೆಪ್ಟೆಂಬರ್ 17ರ ವಿಮೋಚನಾ ದಿನದ ಭಾಷಣದಲ್ಲಿ ಕೇಳುತ್ತೇವೆ. ಯಾವ ನಾಕೆ, ಯಾವ ರಾತ್ರಿ, ಎಷ್ಟು ಬಂದೂಕು, ಆಮೇಲೆ ಅವು ಎಲ್ಲಿ ಹೋದವು ಎಂದು ಕೇಳಿದರೆ ವೇದಿಕೆ ಸುಮ್ಮನಾಗುತ್ತದೆ. ‘ಮುದುಕರ ಬಾಯಿಮಾತು ಕಟ್ಟಿಕೊಂಡು ತಾರೀಖು ಹಿಡಿಯಲು ಆಗುವುದಿಲ್ಲ, ಬಿಟ್ಟುಬಿಡಿ’ ಎಂದು ನನಗೆ ಬುದ್ಧಿ ಹೇಳಿದವರಲ್ಲಿ ಇತಿಹಾಸದ ಪ್ರಾಧ್ಯಾಪಕರೂ ಇದ್ದರು. ಈಗ ಮೂರು ನಾಕೆಗಳ ಮಟ್ಟಿಗೆ ರಾತ್ರಿ, ದಾರಿ, ಬಂದೂಕಿನ ಲೆಕ್ಕ ಎಲ್ಲವೂ ಒಂದಕ್ಕೊಂದು ಕೂಡಿ ಬಂದಿವೆ. ನನಗೆ ತಿಳಿದ ಮಟ್ಟಿಗೆ ಈ ಭಾಗದಲ್ಲಿ ಹೀಗೆ ಕೂಡಿಸಿದವರು ಬೇರೆ ಯಾರೂ ಇಲ್ಲ.

ಮೊದಲ ಒಂದೆರಡು ವರ್ಷ ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದಂತಾಯಿತು. ಶಿಬಿರ ಸೇರಿದ್ದು ಯಾವಾಗ, ಮುಖಂಡರು ಯಾರು, ನೀವೇನು ಮಾಡಿದಿರಿ ಎಂದು ಕೇಳಿಕೊಂಡು ಹೋದಲ್ಲೆಲ್ಲ ಒಂದೇ ಉತ್ತರ, ಶಬ್ದಕ್ಕೆ ಶಬ್ದ. ಆಮೇಲೆ ಒಬ್ಬರ ಟ್ರಂಕಿನಲ್ಲಿ ಪಿಂಚಣಿ ಅರ್ಜಿಯ ನಕಲು ಸಿಕ್ಕಾಗ ಗುಟ್ಟು ತಿಳಿಯಿತು. ಗಡಿ ಶಿಬಿರದವರಿಗೆ ಪಿಂಚಣಿ ಬಂದ ಕಾಲದಲ್ಲಿ ಯಾರೋ ಗುಮಾಸ್ತರು ಬರೆದುಕೊಟ್ಟ ಒಕ್ಕಣೆಯೇ ಅವರ ನೆನಪಾಗಿ ಕುಳಿತಿತ್ತು. ಅದರಲ್ಲಿ ಶಿಬಿರದ ಮುಖಂಡರಾದ ಅಳವಂಡಿ ಶಿವಮೂರ್ತಿಸ್ವಾಮಿಗಳ ಹೆಸರಿತ್ತು, ಪುಂಡಲೀಕಪ್ಪ ಜ್ಞಾನಮೋಠೆಯವರ ಹೆಸರಿತ್ತು. ಕತ್ತಲೆ ಇರಲಿಲ್ಲ, ಹೆದರಿಕೆ ಇರಲಿಲ್ಲ, ಬಂದೂಕಂತೂ ಇರಲೇ ಇಲ್ಲ. ಕ್ಯಾಸೆಟ್ಟು, ಬಸ್ ಚಾರ್ಜು, ಊಟ ಎಂದು ಹತ್ತು ಸಾವಿರದ ಮೇಲೆ ಆಗಲೇ ಕೈಬಿಟ್ಟಿತ್ತು. ಒಂದು ಸಂಸ್ಥೆಗೆ ಧನಸಹಾಯ ಕೇಳಿದ್ದೆ. ‘ವಿಷಯ ಸ್ಥಳೀಯ ಮಟ್ಟದ್ದು’ ಎಂದು ವಾಪಸು ಕಳಿಸಿದರು.

ಆಗ ಮನುಷ್ಯರನ್ನು ಬಿಟ್ಟು ಬಂದೂಕಿನ ಬೆನ್ನು ಹತ್ತಿದೆ. ‘ಅಜ್ಜಾ, ತಂದ ಬಂದೂಕು ಮೊದಲನೇ ರಾತ್ರಿ ಎಲ್ಲಿಟ್ರಿ?’ ನನ್ನ ಪ್ರಶ್ನೆ ಇದೊಂದೇ. ಅರ್ಜಿಯಲ್ಲಿ ಇದಕ್ಕೆ ಉತ್ತರವಿಲ್ಲ, ಹಾಗಾಗಿ ಅವರು ನೆನಪನ್ನೇ ತಡಕಬೇಕು. ‘ಹಗೇದಾಗ ಇಳಿಸಿದ್ವಿ ಮಾಸ್ತರ್ರ. ಥಂಡಿಗೆ ನಳಿಗಿ ತುಕ್ಕು ಹಿಡೀತೈತಿ ಅಂತ ನಮ್ಮವ್ವ ಕುಸುಬಿ ಎಣ್ಣಿ ಸವರಿದ್ಲು’ ಎಂದರು ಒಬ್ಬರು. ನೆಲದೊಳಗೆ ತೋಡಿದ ಜೋಳದ ಹಗೇವಿನೊಳಗೆ ನಿಜಾಮನ ಬಂದೂಕು, ಅದಕ್ಕೆ ಎಣ್ಣೆ ಸವರುವ ಅವ್ವ! ಆ ಒಂದು ಮಾತಿನಿಂದ ಆ ಮನೆಯ ಹೆಂಗಸರೆಲ್ಲ ಕಥೆಯೊಳಗೆ ಬಂದರು. ರೊಟ್ಟಿ ಬುತ್ತಿ ಕಟ್ಟಿದವರು, ಮರುದಿನ ತಲಾಶಿಗೆ ಬಂದವರ ಎದುರು ಹಗೇವಿನ ಬಾಯಿ ಮೇಲೆ ಕುಳಿತು ಕಾಳು ಹಸನು ಮಾಡಿದವರು. ಯಾವ ಅರ್ಜಿಯಲ್ಲೂ ಅವರ ಹೆಸರಿಲ್ಲ.

ತಾರೀಖು ಹಿಡಿಯುವ ದಾರಿ ಪಂಚಾಂಗ. ಇಸವಿ ಕೇಳಿದರೆ ಯಾರೂ ಹೇಳುವುದಿಲ್ಲ, ಹಬ್ಬ ಕೇಳಿದರೆ ತಟ್ಟನೆ ಹೇಳುತ್ತಾರೆ. ಸರ್ವಧಾರಿ ಸಂವತ್ಸರದ ಹಳೇ ಪಂಚಾಂಗವೊಂದನ್ನು ಸಂಪಾದಿಸಿ ಇಟ್ಟುಕೊಂಡೆ. 1948ರ ಕಾರಹುಣ್ಣಿಮೆ ಜೂನ್ ಮೂರನೇ ವಾರ, ಮಣ್ಣೆತ್ತಿನ ಅಮಾವಾಸ್ಯೆ ಜುಲೈ ಮೊದಲ ವಾರ, ನಾಗರಪಂಚಮಿ ಆಗಸ್ಟ್ 9-10ರ ಸುಮಾರು. ‘ಮಣ್ಣೆತ್ತು ಮಾಡಿಟ್ಟಿದ್ವಿ, ಇನ್ನೂ ಹಸಿ ಇದ್ವು’ ಎಂದು ಒಬ್ಬ ಅಜ್ಜಿ ಹೇಳಿದರೆ ಅದು ಯಾವ ಸರ್ಕಾರಿ ಕಾಗದಕ್ಕೂ ಕಡಿಮೆಯಲ್ಲ. ಅಮಾವಾಸ್ಯೆಯ ಆಸುಪಾಸು ಅಂದರೆ ಕತ್ತಲೆಯೂ ಹೊಂದುತ್ತದೆ. ಹುಣ್ಣಿಮೆ ಹತ್ತಿರದ ರಾತ್ರಿ ನಾಕೆಗೆ ನುಗ್ಗಿದೆವು ಎಂದವರನ್ನು ನಾನು ಎರಡನೇ ಸಲ ಕೇಳದೆ ನಂಬುವುದಿಲ್ಲ.

ನಿಜಾಮನ ಕಡೆಯ ಕಾಗದ ಸಿಕ್ಕರೂ ಸುಖವಿಲ್ಲ ಎಂಬುದು ಆ ಕಡೆ ಕೆಲಸ ಮಾಡಿದವರಿಗೆಲ್ಲ ಗೊತ್ತು. ಎಲ್ಲವೂ ಉರ್ದು, ಅದೂ ಶಿಕಸ್ತಾ ಎಂಬ ಗೀಚು ಬರಹ, ತಾರೀಖು ಕಂದಾಯದ ಫಸಲಿ ವರ್ಷದ್ದು. ಹೈದರಾಬಾದಿನ ಫಸಲಿ 1357 ಅಂದರೆ 1947ರ ಅಕ್ಟೋಬರ್ ಆರಂಭದಿಂದ ಶುರು. ಅಜೂರ್ ಅದರ ಮೊದಲ ತಿಂಗಳು, ಅಮರ್ದಾದ್ ಬಂದರೆ ಜೂನ್. ಮದ್ರಾಸ್ ಕಡೆಯ ಫಸಲಿ ಜುಲೈ 1ಕ್ಕೆ ಶುರುವಾಗುತ್ತಿತ್ತು. ಅದನ್ನೇ ಇಲ್ಲಿಗೂ ಹಚ್ಚಿ ಮೂರು ತಿಂಗಳು ಹಿಂದೆ ಹೋದ ಲೇಖನಗಳನ್ನು ನಾನು ಓದಿದ್ದೇನೆ. ಓದಿ ಹೇಳುವ ಹಿರಿಯರೊಬ್ಬರಿಗೆ ಪುಟಕ್ಕೆ ಇನ್ನೂರರಂತೆ ಕೊಟ್ಟೆ. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು, ಇಪ್ಪತ್ತೈದು ಮೂವತ್ತು ಸಾವಿರ, ಅಲ್ಲಿಗೇ ಹೋಯಿತು. ಮಳೆಗೆ ನೆನೆದು ಮಸಿ ಹರಡಿದ ಪುಟಕ್ಕೂ ಅದೇ ದರ. ಆದರೆ ‘ಬಂದೂಕು ಎರಡು, ತೋಟಾ ಇಪ್ಪತ್ತರ ಮೇಲೆ ಗುಮ್’ ಎಂಬ ಒಂದು ಸಾಲು ಅಜ್ಜಿಯ ಮಣ್ಣೆತ್ತಿನ ವಾರಕ್ಕೇ ಬಂದು ಕುಳಿತಾಗ ಕೊಟ್ಟ ಹಣವೆಲ್ಲ ಬಡ್ಡಿಸಮೇತ ವಸೂಲಾಯಿತು.

ದುಡ್ಡಿನ ಮಾತು ಬಂತು, ಇನ್ನೊಂದು ಹೇಳಿಬಿಡುತ್ತೇನೆ. ತೋಟಾ ಕೊಳ್ಳಲು ಶಿಬಿರಕ್ಕೆ ಕೊಟ್ಟದ್ದು ಎಪ್ಪತ್ತು ರೂಪಾಯಿ ಎಂದು ಅಣ್ಣನ ಮನೆಯವರು, ಅರವತ್ತು ಎಂದು ತಮ್ಮನ ಮನೆಯವರು. ಇದೇ ಮಾತಿಗೆ ಎರಡು ಮನೆಯ ನಡುವೆ ಮುನಿಸು ಬೆಳೆದಿತ್ತು. ನಿಜಾಮನ ಏಳು ಹಾಲಿ ಸಿಕ್ಕಾಕ್ಕೆ ಬ್ರಿಟಿಷ್ ಭಾರತದ ಆರು ಕಲ್ದಾರ ಎಂಬುದು ಆಗಿನ ಸಾಮಾನ್ಯ ಲೆಕ್ಕ. ಒಬ್ಬರು ನಿಜಾಮನ ರೂಪಾಯಿಯಲ್ಲಿ ಹೇಳುತ್ತಿದ್ದರು, ಇನ್ನೊಬ್ಬರು ಈ ಕಡೆಯ ರೂಪಾಯಿಯಲ್ಲಿ. ಇಬ್ಬರನ್ನೂ ಒಂದೇ ಕಟ್ಟೆಯ ಮೇಲೆ ಕೂರಿಸಿ ಲೆಕ್ಕ ಮಾಡಿ ತೋರಿಸಿದೆ.

ಚಕ್ಕಡಿಯ ಪ್ರಯೋಗದ ಬಗ್ಗೆ ನನ್ನನ್ನು ಆಡಿಕೊಂಡವರು ಬಹಳ. ಕರೋಡಗಿರಿ (ನಿಜಾಮನ ಸುಂಕದ ಇಲಾಖೆ) ನಾಕೆಗೆ ಸುಂಕ ಕಟ್ಟುವ ನೆಪದಲ್ಲಿ ಚೀಲ ಹೇರಿದ ಚಕ್ಕಡಿ ಬರುತ್ತಿತ್ತು; ಸಿಪಾಯಿ ಒಂದು ಕೈಯಲ್ಲಿ ಕಂದೀಲು, ಇನ್ನೊಂದು ಕೈಯಲ್ಲಿ ಚೀಲ ಚುಚ್ಚುವ ಕಬ್ಬಿಣದ ಸಲಾಕೆ ಹಿಡಿದು ಹೊರಬರುತ್ತಿದ್ದ; ಬಂದೂಕು ಗೋಡೆಗೆ ಆತು ನಿಂತಿರುತ್ತಿತ್ತು; ಹಿಂದಿನ ಕತ್ತಲಲ್ಲಿ ನಡೆದು ಬಂದವರು ಮೊದಲು ಹಿಡಿಯುತ್ತಿದ್ದದ್ದು ಆ ಗೋಡೆಯನ್ನು. ಬೇರೆ ಬೇರೆ ಊರಿನ ಇಬ್ಬರು ಇದನ್ನೇ ಹೇಳಿದರು. ನಡೆದು ಬಂದವರ ಸಪ್ಪಳ ಸಿಪಾಯಿಗೆ ಕೇಳಲಿಲ್ಲವೇ ಎಂಬುದು ನನ್ನ ಅನುಮಾನ. ಕಟ್ಟಿಗೆ ಗಾಲಿಯ ಹಳೇ ಚಕ್ಕಡಿಯೊಂದನ್ನು ದಿನಕ್ಕೆ ಸಾವಿರದಂತೆ ಬಾಡಿಗೆ ಹಿಡಿದು, ಅಮಾವಾಸ್ಯೆಯ ರಾತ್ರಿ ಎರೆಹೊಲದ ದಾರಿಯಲ್ಲಿ ಹೊಡೆಸಿದೆ. ಅಚ್ಚಿಗೆ ಕೀಲೆಣ್ಣೆ ಹಾಕಿದಾಗ ಹಿಂದಿನವರ ಕಾಲ ಸಪ್ಪಳ ಸ್ಪಷ್ಟ. ಎಣ್ಣೆ ಒರೆಸಿದರೆ ಗಾಲಿ ಕಿರುಗುಟ್ಟುವ ಸದ್ದಿಗೆ ಹತ್ತು ಮಾರು ದೂರದ ಮಾತೂ ಕೇಳದು. ಮತ್ತೆ ಹೋಗಿ ಆ ಇಬ್ಬರಲ್ಲಿ ಒಬ್ಬ ಅಜ್ಜನನ್ನು ಕೇಳಿದರೆ, ‘ಎಣ್ಣಿ ಯಾಕ ಹಾಕ್ತೀವಿ ಮಾಸ್ತರ್ರ, ಬೇಕಂತನ ಬಿಟ್ಟಿದ್ವಿ’ ಎಂದು ನಕ್ಕುಬಿಟ್ಟರು. ಇಷ್ಟು ವರ್ಷ ಯಾರೂ ಕೇಳಿರಲಿಲ್ಲ, ಅವರೂ ಹೇಳಿರಲಿಲ್ಲ.

ಬಂದೂಕು ಕಳೆದುಕೊಂಡವರ ಮನೆಗೂ ಹೋಗಬೇಕು. ಇದನ್ನು ನಾನು ಎಲ್ಲರಿಗೂ ಒತ್ತಿ ಹೇಳುತ್ತೇನೆ. ನಾಕೆಯ ಸಿಪಾಯಿ ಬಹುಪಾಲು ಕಡಿಮೆ ಸಂಬಳದ ಮನುಷ್ಯ, ನಿಜಾಮನ ಪರ ನಿಂತ ಖಾಸಗಿ ಪಡೆಯ ರಜಾಕಾರನಲ್ಲ. ಒಬ್ಬರ ಮೊಮ್ಮಗ ಹೇಳಿದ ಪ್ರಕಾರ, ಅಜ್ಜನನ್ನು ಅವನದೇ ರುಮಾಲಿನಿಂದ ಕಟ್ಟಿಹಾಕಿ, ಹೋಗುವಾಗ ನೀರು ಕುಡಿಸಿ ಹೋಗಿದ್ದರು. ಬಂದೂಕು ಹೋದದ್ದಕ್ಕೆ ಅವನ ನೌಕರಿಯೂ ಹೋಯಿತು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬಂದ ಮೇಲೆ ಅಮಾಯಕ ಮುಸ್ಲಿಮರ ಮೇಲೆ ನಡೆದದ್ದನ್ನು ಭಾರತ ಸರ್ಕಾರವೇ ಕಳಿಸಿದ ಸುಂದರಲಾಲ್ ಸಮಿತಿ ಬರೆದಿದೆ. ಆ ಮನೆಯೂ ಊರು ಬಿಟ್ಟು ಓಡಿ, ವರ್ಷಗಳ ಮೇಲೆ ಮರಳಿದ್ದು. ಹೋರಾಟದ ಬಗ್ಗೆ ನನಗಿರುವ ಅಭಿಮಾನ ಇದರಿಂದ ಒಂದಿಷ್ಟೂ ಕಡಿಮೆಯಾಗಿಲ್ಲ. ಆದರೆ ಆ ಮನೆಯ ಮಾತು ಇಲ್ಲದ ಬರಹವನ್ನು ನಾನು ಅಚ್ಚಿಗೆ ಕೊಡುವುದಿಲ್ಲ.

ಊರುಗಳ ಹೆಸರು ಇಲ್ಲಿ ಬರೆದಿಲ್ಲ, ಮನೆಯವರಿಗೆ ಮಾತು ಕೊಟ್ಟಿದ್ದೇನೆ. ಬಂದೂಕಿನ ಮಾತು ಎತ್ತಿದರೆ ಲೈಸೆನ್ಸಿನ ಭಯಕ್ಕೆ ಬಾಯಿ ಮುಚ್ಚುವವರನ್ನು ಮಾತಿಗೆಳೆಯುವ ನನ್ನ ದಾರಿಯನ್ನೂ ಸದ್ಯಕ್ಕೆ ಹೇಳುವುದಿಲ್ಲ. ಇನ್ನೂ ನಾಲ್ಕೈದು ಮನೆಗಳ ಕೆಲಸ ಬಾಕಿ ಇದೆ. ಮುಂದಿನದು ತುಂಗಭದ್ರೆಯ ದಡದ ನಾಕೆಗಳು. ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳವರು ಈಗ ಚದುರಿಹೋಗಿದ್ದಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಅವರಲ್ಲಿ ಇಬ್ಬರು ಮೂವರನ್ನಾದರೂ ಕರೆದುಕೊಂಡು ಹೋಗಿ ಹಳೇ ದೋಣಿ ಕಡವು ಎಲ್ಲಿತ್ತು ಎಂದು ಗುರುತು ಹಾಕಿಸಬೇಕು. ಆಚೆ ದಡ ಆಗ ಮದ್ರಾಸ್ ಪ್ರಾಂತ್ಯದ್ದು, ಆದ್ದರಿಂದ ಅಲ್ಲಿಯ ಕಾಗದಕ್ಕೆ ಜುಲೈನ ಫಸಲಿಯೇ ಸರಿ.